ಒಂದು ಎಲೆ ಅಂದ್ರೆ ಎಷ್ಟು? ಗಿಡದ ಲಕ್ಷಣಗಳಿಗೆ ಎಲ್ಲರೂ ಒಪ್ಪುವ ಪದಪಟ್ಟಿ ಮಾಡುವ ಬಗೆ

ದೇವರಾಯನದುರ್ಗದ ಬುಡದಲ್ಲಿ, ನಾಮದ ಚಿಲುಮೆಗೆ ಹೋಗುವ ದಾರಿಯಲ್ಲಿ ನಾವು ಹೊಂಗೆ ಎಲೆ ಅಳೆದಿದ್ದೆವು. ಕೋಲಾರದ ಅಂತರಗಂಗೆ ಬೆಟ್ಟದ ಹತ್ತಿರ ಇನ್ನೊಂದು ತಂಡದವರೂ ಹೊಂಗೆ ಎಲೆಯನ್ನೇ ಅಳೆದಿದ್ದರು. ಎರಡೂ ಎಕ್ಸೆಲ್ ಶೀಟಿನಲ್ಲಿ ಕಾಲಂ ಹೆಸರು ಒಂದೇ, 'ಎಲೆಯ ವಿಸ್ತೀರ್ಣ'. ಒಂದರ ಕೆಳಗೆ ಒಂದು ಅಂಟಿಸಿದೆವು. ನಮ್ಮದು 200 ಚದರ ಸೆಂಟಿಮೀಟರಿನ ಆಸುಪಾಸು, ಅವರದು 35ರ ಆಸುಪಾಸು. ಆ ಕಡೆ ನೀರು ಕಮ್ಮಿ, ಅದಕ್ಕೇ ಎಲೆ ಸಣ್ಣದು ಅಂತ ನಾನು ಎರಡು ಪುಟ ಬರೆದೂ ಇಟ್ಟಿದ್ದೆ. ಆಮೇಲೆ ಅವರು ಪೇಪರಿನ ನಡುವೆ ಒತ್ತಿ ಒಣಗಿಸಿದ್ದ ಮಾದರಿ ನೋಡಿದಾಗ ವಿಷಯ ಗೊತ್ತಾಯಿತು. ನಾವು ಐದೋ ಏಳೋ ಕಿರುಎಲೆ ಇರುವ ಪೂರ್ತಿ ಎಲೆ ಅಳೆದಿದ್ದೆವು, ಅವರು ಒಂದೊಂದೇ ಕಿರುಎಲೆ ಕಿತ್ತು ಅಳೆದಿದ್ದರು. ಯಾರೂ ತಪ್ಪು ಮಾಡಿರಲಿಲ್ಲ. 'ಎಲೆ' ಅನ್ನುವ ಪದ ಎರಡು ಕಡೆ ಎರಡು ವಸ್ತುವಾಗಿತ್ತು, ಅಷ್ಟೇ. ಆದರೆ ನಮ್ಮ ಮೂರು ತಿಂಗಳು ಹೋಯಿತು.

ಇದನ್ನು ಬರೆಯುತ್ತಿರುವುದು ಅದಕ್ಕೇ. ನಮ್ಮ ಬಯಲುಸೀಮೆಯ ಕುರುಚಲು ಕಾಡಿಗೆ ಹೋಗಿ ಮುಳ್ಳು ಚುಚ್ಚಿಸಿಕೊಂಡು ಎಲೆ ಅಳೆಯುವವರೇ ಕಮ್ಮಿ. ಅಷ್ಟು ಕಷ್ಟಪಟ್ಟು ತಂದ ಅಳತೆ ಪಕ್ಕದ ಜಿಲ್ಲೆಯ ಅಳತೆಯ ಜೊತೆ ಸೇರದೆ ಹೋದರೆ ಹೊಟ್ಟೆ ಉರಿಯುತ್ತೆ. ನೀವು ಎಂ.ಎಸ್ಸಿ ಪ್ರಾಜೆಕ್ಟ್ ಮಾಡುತ್ತಿರಬಹುದು, ಊರಿನ ಗುಂಡುತೋಪಿನ ಮರಗಳ ಪಟ್ಟಿ ಮಾಡುತ್ತಿರಬಹುದು, ಶಾಲೆಯ ಮಕ್ಕಳ ಜೊತೆ ಗಿಡ ನೋಡುತ್ತಿರಬಹುದು. ಯಾವುದಾದರೂ ಸರಿ, ಟೇಪು ಕೈಗೆ ತಗೊಳ್ಳುವ ಮುಂಚೆ ಈ ಕೆಲಸ ಮಾಡಿಕೊಳ್ಳಿ.

ಮೊದಲು: ನಿಮ್ಮ ಹತ್ತಿರ ಇರುವ ಪದಗಳನ್ನೆಲ್ಲ ಹೊರಗೆ ತೆಗೆಯಿರಿ

ಹೊಸ ಪದ ಹುಡುಕಲು ಹೊರಡಬೇಡಿ. ಮೊದಲು ತಂಡದ ಎಲ್ಲರ ನೋಟ್‌ಬುಕ್ಕು, ಎಲ್ಲರ ಶೀಟು ತಂದು ಹರಡಿ. ಕಾಲಂ ಹೆಸರುಗಳನ್ನೆಲ್ಲ ಒಂದೇ ಹಾಳೆಯಲ್ಲಿ ಹಾಗ್ಹಾಗೇ ಬರೆಯಿರಿ. ತಿದ್ದಬೇಡಿ. 'ಎತ್ತರ', 'ಹೈಟ್', 'ಗಿಡದ ಉದ್ದ', 'ಮರದ ಎತ್ತರ' ನಾಲ್ಕೂ ಬರಲಿ. 'ದಪ್ಪ' ಅಂತ ಒಬ್ಬರು ಬರೆದಿದ್ದರೆ ಅದೂ ಬರಲಿ. ಆಮೇಲೆ ಅಳತೆ ಮಾಡಿದವರನ್ನೇ ಕೂರಿಸಿಕೊಂಡು, ನೀನು ಇದನ್ನು ಹೇಗೆ ಅಳೆದೆ, ಎಲ್ಲಿಂದ ಎಲ್ಲಿಗೆ ಟೇಪು ಹಿಡಿದೆ ಅಂತ ಕೇಳಿ. ಅವರ ಬಾಯಲ್ಲಿ ಬಂದ ಮಾತನ್ನು ಪಕ್ಕದಲ್ಲಿ ಬರೆದುಕೊಳ್ಳಿ.

ನಮ್ಮಲ್ಲಿ 'ದಪ್ಪ' ಅಂದರೆ ಒಬ್ಬರಿಗೆ ಮರದ ಸುತ್ತಳತೆ, ಇನ್ನೊಬ್ಬರಿಗೆ ವ್ಯಾಸ, ಮತ್ತೊಬ್ಬರಿಗೆ ತೊಗಟೆಯ ದಪ್ಪ. 94 ಸೆಂಟಿಮೀಟರ್ ಸುತ್ತಳತೆಯ ಹುಣಸೆ ಮರದ ವ್ಯಾಸ ಸುಮಾರು 30. ದರ್ಜಿ ಟೇಪಿನಲ್ಲಿ ಸುತ್ತಿ ತೆಗೆದ 94ನ್ನು ವ್ಯಾಸದ ಕಾಲಂಗೆ ಹಾಕಿಬಿಟ್ಟರೆ ಆ ಮರ ಕಾಗದದ ಮೇಲೆ ದಿಢೀರನೆ ಮೂರು ಪಟ್ಟು ಬೆಳೆದುಬಿಡುತ್ತೆ. ಎಷ್ಟು ಎತ್ತರದಲ್ಲಿ ಟೇಪು ಸುತ್ತಿದಿರಿ ಅನ್ನುವುದೂ ಮುಖ್ಯ. ಎದೆಮಟ್ಟ ಅಂದರೆ ನಮ್ಮ ಅರಣ್ಯ ಇಲಾಖೆಯ ರೂಢಿಯಲ್ಲಿ 1.37 ಮೀಟರ್, ಹೊರದೇಶದ ಬಹಳಷ್ಟು ಕೆಲಸಗಳಲ್ಲಿ 1.3 ಮೀಟರ್. ಯಾವುದನ್ನು ಬೇಕಾದರೂ ಹಿಡಿಯಿರಿ, ಹಿಡಿದಿದ್ದನ್ನು ಬರೆಯಿರಿ.

ಪ್ರತಿ ಪದಕ್ಕೂ ನಾಲ್ಕು ಪ್ರಶ್ನೆ

ಇದೇ ಇಡೀ ಕೆಲಸದ ಬೆನ್ನೆಲುಬು. ಗಿಡದ ಯಾವ ಭಾಗ? ಅದರ ಯಾವ ಗುಣ? ಆ ಭಾಗ ಯಾವ ಸ್ಥಿತಿಯಲ್ಲಿತ್ತು? ಯಾವ ಮಾನದಲ್ಲಿ? ನಾಲ್ಕಕ್ಕೂ ಉತ್ತರ ಇಲ್ಲದ ಪದವನ್ನು ಪಟ್ಟಿಗೆ ಸೇರಿಸಲೇಬೇಡಿ.

'ಎಲೆಯ ತೂಕ' ತಗೊಳ್ಳಿ. ಭಾಗ ಎಲೆ, ಗುಣ ತೂಕ. ಇಷ್ಟು ಸಾಕು ಅನಿಸುತ್ತೆ ಅಲ್ವಾ? ಸ್ಥಿತಿ ಕೇಳಿ ನೋಡಿ. ಹಸಿ ತೂಕವೋ ಒಣ ತೂಕವೋ? ಒಣ ಅಂದರೆ ಬಿಸಿಲಲ್ಲಿ ಒಣಗಿಸಿದ್ದೋ ಓವನ್‌ನಲ್ಲೋ? ಓವನ್ ಆದರೆ ಎಷ್ಟು ಡಿಗ್ರಿ, ಎಷ್ಟು ಹೊತ್ತು? ಎಲೆಗಳಿಗೆ ಸಾಮಾನ್ಯವಾಗಿ 70 ಡಿಗ್ರಿಯಲ್ಲಿ ಕನಿಷ್ಠ 72 ಗಂಟೆ ಇಡುತ್ತಾರೆ. ಮರದ ತುಂಡಿಗೆ ಅಷ್ಟು ಸಾಲದು, 100 ಡಿಗ್ರಿ ದಾಟಿಸಬೇಕು. ಎಲೆ ಎಳೆಯದೋ ಬಲಿತದ್ದೋ? ಬಿಸಿಲಿಗೆ ಬಿದ್ದ ಎಲೆಯೋ ನೆರಳಿನದೋ? ಹುಳ ತಿಂದಿತ್ತೋ?

ಇಲ್ಲಿ ನಮ್ಮ ಕನ್ನಡದಲ್ಲಿ ಒಂದು ಅನುಕೂಲ ಇದೆ. ಚಿಗುರೆಲೆ, ಬಲಿತೆಲೆ, ಹಣ್ಣೆಲೆ ಅಂತ ಮೂರು ಹಂತಕ್ಕೂ ಊರಿನವರ ಬಾಯಲ್ಲೇ ಪದ ಇದೆ. ಸಂಶೋಧನೆಗೆ ಬೇಕಾದದ್ದು ಪೂರ್ತಿ ಅಗಲವಾಗಿ, ಗಟ್ಟಿಯಾಗಿ, ಆದರೆ ಇನ್ನೂ ಹಳತಾಗದ ಎಲೆ, ಅದೂ ದೊಡ್ಡ ಗಿಡದ ಬಿಸಿಲು ಬೀಳುವ ಕೊಂಬೆಯದು. 'ಹೊಸದಾಗಿ ಬಲಿತ ಬಿಸಿಲೆಲೆ' ಅಂದರೆ ಸಾಕು, ನಮ್ಮ ಹುಡುಗರಿಗೆ ತಕ್ಷಣ ಅರ್ಥ ಆಗುತ್ತೆ. ಪುಸ್ತಕದ ದೊಡ್ಡ ಪದ ಏನೂ ಬೇಕಾಗಿಲ್ಲ.

ಒಂದು ಎಲೆ ಅಂದರೆ ಯಾವುದು

ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ, ಯಾಕೆಂದರೆ ಬಹುಪಾಲು ಗಲಿಬಿಲಿ ಇಲ್ಲೇ ಹುಟ್ಟುವುದು.

ಕೋಲಾರದ ಆ ಘಟನೆ ಆದಮೇಲೆ, ಬೆಟ್ಟದ ಕೆಳಗಿನ ಹಳ್ಳಿಯ ಒಂದು ಜಗಲಿಯಲ್ಲಿ ಒಂದು ಪರೀಕ್ಷೆ ಮಾಡಿದೆ. ಒಂದು ಮುತ್ತುಗದ ಕೊಂಬೆ ಹಿಡಿದು, ಒಂದೇ ಒಂದು ಎಲೆ ಕಿತ್ತುಕೊಡಿ ಅಂತ ಕೂತಿದ್ದವರನ್ನೆಲ್ಲ ಕೇಳಿದೆ. ಊಟದೆಲೆ ಹಚ್ಚುತ್ತಿದ್ದ ಅಜ್ಜಿ ಮೂರರಲ್ಲಿ ನಡುವಿನ ದೊಡ್ಡದನ್ನು ಪಟ್ಟನೆ ಮುರಿದು ಕೊಟ್ಟರು. "ಒಂದೇ ಯಾಕಪ್ಪಾ, ಎಲೆ ಹಚ್ಚೋಕೆ ಎಂಟು ಹತ್ತಾದ್ರೂ ಬೇಕು" ಅಂದರು. ನನ್ನ ಜೊತೆ ಬಂದಿದ್ದ ಹುಡುಗಿ ತೊಟ್ಟಿನ ಸಮೇತ ಮೂರೂ ಸೇರಿದ್ದನ್ನು ಕಿತ್ತಳು. ಅಜ್ಜಿ ಅದನ್ನು ನೋಡಿ "ಅದು ಮೂರೆಲೆ ಕಣವ್ವಾ" ಅಂದರು.

ಅಜ್ಜಿಯ ಲೆಕ್ಕ ಅವರ ಕೆಲಸಕ್ಕೆ ಸರಿ. ಆದರೆ ಅದೇ ಮನೆಯವರು ಬಿಲ್ವಪತ್ರೆಯ ವಿಷಯಕ್ಕೆ ಬಂದರೆ ಮೂರು ದಳ ಸೇರಿ ಒಂದು ಪತ್ರೆ ಅನ್ನುತ್ತಾರೆ. ಒಂದು ದಳ ಮುರಿದಿದ್ದರೆ ಪೂಜೆಗೆ ಬೇಡ ಅಂತ ಪಕ್ಕಕ್ಕಿಡುತ್ತಾರೆ. ಸಸ್ಯಶಾಸ್ತ್ರ ಹೇಳುವುದೂ ಅದನ್ನೇ. ಅಂದರೆ ಸರಿಯಾದ ಲೆಕ್ಕ ನಮ್ಮ ಊರಲ್ಲೇ ಇದೆ, ಎಲ್ಲ ಗಿಡಕ್ಕೂ ಅದನ್ನು ಹಚ್ಚಿಕೊಳ್ಳಬೇಕು ಅಷ್ಟೇ. ಮುತ್ತುಗದ ಮೂರು, ಹೊಂಗೆಯ ಐದೋ ಏಳೋ, ಹುಣಸೆಯ ಹತ್ತಿಪ್ಪತ್ತು ಜೋಡಿ, ಇವೆಲ್ಲ ಸೇರಿ ಒಂದೊಂದು ಎಲೆ. ನುಗ್ಗೆ ಸೊಪ್ಪು ಬಿಡಿಸುವಾಗ ನಾವು ಕಡ್ಡಿಯಿಂದ ಸವರಿ ಉದುರಿಸುತ್ತೇವಲ್ಲ, ಆ ಸಣ್ಣ ಸಣ್ಣದೆಲ್ಲ ಕಿರುಎಲೆ. ಬಿಸಾಕುವ ಕಡ್ಡಿಯೂ ಎಲೆಯ ಭಾಗವೇ.

ಗುರುತಿಸುವ ಉಪಾಯ ಸುಲಭ. ನಿಜವಾದ ಎಲೆಯ ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಒಂದು ಮೊಗ್ಗು ಇರುತ್ತೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಉಗುರಿನಲ್ಲಿ ಸವರಿ ನೋಡಿ, ಸಣ್ಣದಾದರೆ ಕೈಮಸೂರ ಹಿಡಿಯಿರಿ. ಮೊಗ್ಗು ಕಾಣುವ ತನಕ ಬುಡದ ಕಡೆಗೆ ಹೋಗಬೇಕು, ಮೊಗ್ಗು ಸಿಕ್ಕಿದ ಕಡೆಗೆ ಎಲೆ ಮುಗಿಯಿತು.

ನಮ್ಮ ಪಟ್ಟಿಯಲ್ಲಿ 'ಕಿರುಎಲೆ' ಅಂತ ಇಟ್ಟುಕೊಂಡೆವು. 'ದಳ' ಇಡೋಣ ಅಂತ ಆಸೆ ಇತ್ತು. ಆದರೆ ಹೂವಿನ ದಳಕ್ಕೂ ಅದೇ ಪದ, ಮತ್ತೆ ಗೊಂದಲ ಆಗುತ್ತೆ ಅಂತ ಬಿಟ್ಟೆವು. ಹಾಗೇ 'ತೊಟ್ಟು' ಅಂತ ಸುಮ್ನೆ ಬರೆಯುವುದಿಲ್ಲ. ಎಲೆತೊಟ್ಟು, ಹೂತೊಟ್ಟು, ಕಾಯಿತೊಟ್ಟು ಅಂತ ಬಿಡಿಸಿಯೇ ಬರೆಯುತ್ತೇವೆ.

ಹೊರಗಿನ ಪಟ್ಟಿಗಳ ಜೊತೆ ಗಂಟು ಹಾಕಿ

ನಿಮ್ಮ ಪದ ನಿಮ್ಮದೇ ಇರಲಿ, ಆದರೆ ಪ್ರಪಂಚ ಈಗಾಗಲೇ ಒಪ್ಪಿಕೊಂಡ ವ್ಯಾಖ್ಯೆಗೆ ಅದನ್ನು ಕಟ್ಟಿಹಾಕಬೇಕು. ಗಿಡದ ಲಕ್ಷಣಗಳನ್ನು ಒಂದೇ ರೀತಿ ಅಳೆಯುವುದು ಹೇಗೆ ಅಂತ 2003ರಲ್ಲಿ ಆಸ್ಟ್ರೇಲಿಯನ್ ಜರ್ನಲ್ ಆಫ್ ಬಾಟನಿಯಲ್ಲಿ ಒಂದು ಕೈಪಿಡಿ ಬಂತು, 2013ರಲ್ಲಿ ಅದೇ ಪತ್ರಿಕೆಯಲ್ಲಿ ಪರಿಷ್ಕರಿಸಿದ ಹೊಸ ಕೈಪಿಡಿ ಬಂತು. ಹೊಸದನ್ನು ಇಟ್ಟುಕೊಳ್ಳಿ. ಎರಡನೆಯದು ಟ್ರೈ ಅನ್ನುವ ದತ್ತಾಂಶ ಭಂಡಾರ. ಜರ್ಮನಿಯ ಯೇನಾದಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ 2007ರಲ್ಲಿ ಶುರುವಾಗಿದ್ದು. ಪ್ರಪಂಚದ ನೂರಾರು ತಂಡಗಳ ಅಳತೆಗಳು ಅಲ್ಲಿ ಸೇರಿವೆ. ಮೂರನೆಯದು ಟಾಪ್ ಅನ್ನುವ ಪದಕೋಶ, 2017ರಲ್ಲಿ ಪ್ರಕಟವಾಗಿದ್ದು. ಪ್ರತಿ ಲಕ್ಷಣಕ್ಕೂ ಒಂದು ಹೆಸರು, ಒಂದು ವ್ಯಾಖ್ಯೆ, ಮಾನ, ಸಮಾನಪದಗಳು ಇರುತ್ತವೆ. ನಾವು ಕನ್ನಡದಲ್ಲಿ ಮಾಡಬೇಕಾದದ್ದಕ್ಕೆ ಇದೇ ಮಾದರಿ.

ಟ್ರೈ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಎಸ್‌ಎಲ್‌ಎ, ಅಂದರೆ ಎಲೆಯ ವಿಸ್ತೀರ್ಣವನ್ನು ಅದರ ಒಣ ತೂಕದಿಂದ ಭಾಗಿಸಿದ್ದು, ಅದಕ್ಕೆ ಅಲ್ಲಿ ಒಂದೇ ಕಾಲಂ ಇಲ್ಲ. ಎಲೆತೊಟ್ಟು ಸೇರಿಸಿದ್ದು ಬೇರೆ, ಬಿಟ್ಟಿದ್ದು ಬೇರೆ, ಗೊತ್ತಿಲ್ಲದ್ದು ಬೇರೆ. ಇಷ್ಟೊಂದು ಯಾಕೆ ಅಂತ ಕೇಳಿದರೆ ಒಂದು ಲೆಕ್ಕ ಹಾಕಿ ನೋಡಿ. ತೊಟ್ಟಿಲ್ಲದ ಎಲೆ 48 ಚದರ ಸೆಂಟಿಮೀಟರ್, ಒಣ ತೂಕ 0.40 ಗ್ರಾಂ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ ಗ್ರಾಂಗೆ 120 ಚದರ ಸೆಂಟಿಮೀಟರ್, ಕಿಲೋಗೆ 12 ಚದರ ಮೀಟರ್. ಈಗ ಅದೇ ಎಲೆಯ ತೊಟ್ಟನ್ನೂ ಸೇರಿಸಿ. ತೊಟ್ಟಿನ ವಿಸ್ತೀರ್ಣ 2, ತೂಕ 0.10 ಅಂದರೆ ಒಟ್ಟು 50, ಒಟ್ಟು ತೂಕ 0.50. ಭಾಗಿಸಿದರೆ 100, ಕಿಲೋಗೆ 10 ಚದರ ಮೀಟರ್. ಎಲೆ ಅದೇ, ಕೊಂಬೆ ಅದೇ, ತೊಟ್ಟು ಸೇರಿದ್ದಕ್ಕೆ 12 ಇದ್ದದ್ದು 10 ಆಯಿತು. ಎರಡು ಜಾತಿಯ ಮರಗಳ ನಡುವೆ ಇರಬಹುದಾದಷ್ಟು ವ್ಯತ್ಯಾಸ ಒಂದು ತೊಟ್ಟಿನಿಂದಲೇ ಬಂತು. 2013ರ ಕೈಪಿಡಿ ತೊಟ್ಟನ್ನು ಸೇರಿಸಿಯೇ ಅಳೆಯಿರಿ ಅನ್ನುತ್ತೆ. ನನ್ನ ಸಲಹೆ ಕೇಳಿದರೆ ಎಲೆಹಾಳೆ, ತೊಟ್ಟು ಎರಡನ್ನೂ ಬೇರೆ ಬೇರೆ ತೂಗಿ ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತೆ, ಆದರೆ ಮುಂದೆ ಯಾರು ಹೇಗೆ ಬೇಕಾದರೂ ಕೂಡಿಕೊಳ್ಳಬಹುದು.

ಇನ್ನೊಂದು, ಎಲ್‌ಎಂಎ ಅಂತಲೂ ಕೇಳಿರುತ್ತೀರಿ. ಅದು ಎಸ್‌ಎಲ್‌ಎಯ ತಲೆಕೆಳಗು, ತೂಕವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಕಿಲೋಗೆ 12 ಚದರ ಮೀಟರ್ ಅಂದರೆ ಚದರ ಮೀಟರಿಗೆ ಸುಮಾರು 83 ಗ್ರಾಂ. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ, 175 ಜಾಗಗಳ 2,548 ಜಾತಿಯ ಎಲೆಗಳನ್ನು ಹೋಲಿಸಿದ ದೊಡ್ಡ ಕೆಲಸದಲ್ಲಿ ಬಳಸಿದ್ದು ಈ ಎಲ್‌ಎಂಎಯನ್ನೇ. ಎರಡನ್ನೂ 'ಎಲೆ ದಪ್ಪ' ಅಂತ ಕನ್ನಡಕ್ಕೆ ತಂದಿದ್ದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ದಪ್ಪ ಬೇರೆಯೇ ಅಳತೆ, ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ.

ಒಂದು ಚೀಟಿ ಹೀಗಿರಲಿ

ಪ್ರತಿ ಪದಕ್ಕೂ ಅರ್ಧ ಪುಟದ ಒಂದು ಚೀಟಿ ಮಾಡಿ. ನಮ್ಮ 'ಗಿಡದ ಎತ್ತರ' ಚೀಟಿಯನ್ನು ಹಾಗೇ ಇಲ್ಲಿ ಕೊಡುತ್ತೇನೆ:

ಪದ: ಗಿಡದ ಎತ್ತರ. ಅರ್ಥ: ನೆಲದಿಂದ ಗಿಡದ ಹಸಿರು ಭಾಗದ ಮೇಲಂಚಿನವರೆಗಿನ ನೇರ ದೂರ. ಹೂಗೊಂಚಲು, ತೆನೆ ಸೇರುವುದಿಲ್ಲ. ಗಿಡವನ್ನು ಎಳೆದು ನೆಟ್ಟಗೆ ಮಾಡಬಾರದು. ಮಾನ: ಮೀಟರ್. ಹೊರಗಿನ ಗಂಟು: 2013ರ ಕೈಪಿಡಿಯ ಎತ್ತರದ ವ್ಯಾಖ್ಯೆ. ಹಳೆಯ ಶೀಟುಗಳಲ್ಲಿ ಇದ್ದ ಹೆಸರು: ಹೈಟ್, ಮರದ ಎತ್ತರ. ಇದಲ್ಲ: ಕಾಂಡದ ಉದ್ದ, ಬಳ್ಳಿಯ ಉದ್ದ. ಒಪ್ಪಿದ ದಿನ, ಎಷ್ಟನೆಯ ತಿದ್ದುಪಡಿ.

'ಇದಲ್ಲ' ಅನ್ನುವ ಸಾಲನ್ನು ಬಿಡಬೇಡಿ. ತಪ್ಪು ಆಗುವುದನ್ನು ತಡೆಯುವುದು ಅದೇ ಸಾಲು. ರಾಗಿ ಹೊಲದಲ್ಲಿ ಕೆಲಸ ಮಾಡುವವರು ತೆನೆಯ ತುದಿವರೆಗೆ ಅಳೆಯುವುದುಂಟು, ಅವರ ಕೆಲಸಕ್ಕೆ ಅದು ಬೇಕು. ಬದುವಿನ ಹುಲ್ಲು ಅಳೆಯುವವರು ತೆನೆ ಬಿಟ್ಟು ಅಳೆಯುತ್ತಾರೆ. ಇಬ್ಬರ ಅಳತೆಯೂ ಒಂದೇ ಶೀಟಿಗೆ ಬಂದರೆ 'ತೆನೆ ಸೇರಿ ಎತ್ತರ' ಅಂತ ಇನ್ನೊಂದು ಚೀಟಿ ಮಾಡಿ. ಒಂದೇ ಹೆಸರಿನಲ್ಲಿ ಇಬ್ಬರನ್ನೂ ತುರುಕಬೇಡಿ.

ಬೀಜದ ಚೀಟಿಗೂ ಹೀಗೇ ಎಚ್ಚರ ಬೇಕು. ಶ್ರೀನಿವಾಸಪುರದ ಕಡೆ ಮಾವಿನ ವಾಟೆ ಅಂದರೆ ಗಟ್ಟಿ ಚಿಪ್ಪು ಸೇರಿದ್ದು. ಒಳಗಿನ ಬೀಜ ಬೇರೆ. ಬೇವಿನ ಬೀಜ ಅಂತ ನಾವು ಆರಿಸಿ ಮಾರುವುದೂ ಚಿಪ್ಪು ಸೇರಿಯೇ. ಹುಣಸೆ ಬೀಜ ಮಾತ್ರ ನಿಜವಾಗಿ ಬೀಜವೇ. ಏನನ್ನು ತಕ್ಕಡಿಗೆ ಹಾಕಿದಿರಿ ಅಂತ ಬರೆಯದೆ ಬರೀ 'ಬೀಜದ ತೂಕ' ಅಂತ ಬರೆದರೆ ಪ್ರಯೋಜನ ಇಲ್ಲ.

ಅಂಕಿಯಲ್ಲಿ ಬರದ ಲಕ್ಷಣಗಳು

ಮುಳ್ಳು ತಗೊಳ್ಳಿ. ಕನ್ನಡದಲ್ಲಿ ಚುಚ್ಚುವುದೆಲ್ಲ ಮುಳ್ಳೇ. ಆದರೆ ಬಿಲ್ವದ ಮುಳ್ಳು ಮಾರ್ಪಟ್ಟ ಕೊಂಬೆ. ಪಾಪಸ್‌ಕಳ್ಳಿಯ ಮುಳ್ಳು ಮಾರ್ಪಟ್ಟ ಎಲೆ. ಕರಿಜಾಲಿಯ ಜೋಡಿ ಮುಳ್ಳು ಎಲೆಯ ಬುಡದ ಎರಡು ಸಣ್ಣ ಭಾಗಗಳಿಂದ ಆದದ್ದು. ಗುಲಾಬಿ, ಲಂಟಾನದ ಮುಳ್ಳು ಬರೀ ಸಿಪ್ಪೆಯಿಂದ ಎದ್ದದ್ದು, ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ ಕಳಚಿ ಬರುತ್ತೆ. ಹಾಗಾಗಿ ನಾವು ಕೊಂಬೆಮುಳ್ಳು, ಎಲೆಮುಳ್ಳು, ಸಿಪ್ಪೆಮುಳ್ಳು ಅಂತ ಮೂರು ಮಾಡಿಕೊಂಡೆವು. ಜಾಲಿಯದು ಎಲೆಯ ಭಾಗದಿಂದ ಬಂದದ್ದರಿಂದ ಎಲೆಮುಳ್ಳಿಗೇ ಹೋಯಿತು. ಈ ಪದಗಳು ಯಾವ ನಿಘಂಟಿನಲ್ಲೂ ಸಿಗದಿರಬಹುದು, ಕೇಳಿದ ಕೂಡಲೇ ಅರ್ಥ ಆಗುತ್ತವಲ್ಲ, ಅದು ಮುಖ್ಯ.

ಎಲೆ ಉದುರಿಸುವ ಮರ, ನಿತ್ಯಹಸಿರು ಮರ ಅಂತ ಎರಡೇ ಡಬ್ಬಿ ಇಟ್ಟರೆ ನಮ್ಮ ಕಡೆಯ ಮರಗಳು ಅದರಲ್ಲಿ ಕೂರುವುದಿಲ್ಲ. ಮುತ್ತುಗ ಶಿವರಾತ್ರಿ ಹೊತ್ತಿಗೆ ಬೋಳಾಗಿ, ಎಲೆಯಿಲ್ಲದ ಕೊಂಬೆಯ ತುಂಬಾ ಹೂ ಬಿಟ್ಟು ನಿಂತಿರುತ್ತೆ, ಅದು ಸರಿ. ಹೊಂಗೆ? ಹಣ್ಣೆಲೆ ಉದುರಿಸಿದ ಸ್ವಲ್ಪ ದಿನಕ್ಕೇ ಚಿಗುರು ಒಡೆದು, ಯುಗಾದಿ ಹೊತ್ತಿಗೆ ನೆರಳು ಕೊಡುತ್ತಿರುತ್ತೆ. ಒಬ್ಬರು ಅದನ್ನು ಉದುರಿಸುವ ಮರ ಅಂತಾರೆ, ಇನ್ನೊಬ್ಬರು ಅಲ್ಲ ಅಂತಾರೆ. ಜಗಳ ಆಡುವ ಬದಲು ವರ್ಷದಲ್ಲಿ ಎಷ್ಟು ತಿಂಗಳು ಮರದ ಮೇಲೆ ಹಸಿರೆಲೆ ಇರುತ್ತೆ ಅಂತ ಎಣಿಸಿ ಬರೆಯಿರಿ. ಕೈಪಿಡಿಯ ದಾರಿಯೂ ಇದೇ. ಡಬ್ಬಿಗೆ ಹಾಕುವುದನ್ನು ಆಮೇಲೆ ಯಾರಾದರೂ ಮಾಡಿಕೊಳ್ಳಲಿ.

ಗಿಡದ ಹೆಸರೂ ಪಟ್ಟಿಯ ಭಾಗವೇ

ಲಕ್ಷಣ ಸರಿಯಾಗಿ ಬರೆದು ಗಿಡವೇ ತಪ್ಪಾದರೆ ಏನು ಬಂತು? ನಮ್ಮ ಕಡೆ ಬರೀ 'ಜಾಲಿ' ಅಂದರೆ ಕರಿಜಾಲಿ ಇರಬಹುದು, ಬಿಳಿಜಾಲಿ ಇರಬಹುದು, ಸಿರಾ, ಪಾವಗಡದ ಕಡೆ ಕೆರೆಯಂಗಳದಲ್ಲೆಲ್ಲ ತುಂಬಿಕೊಂಡಿರುವ ಬಳ್ಳಾರಿ ಜಾಲಿಯೂ ಇರಬಹುದು. ಅದರ ಮೇಲೆ ಪಾವಗಡ, ಕೋಲಾರ, ಚಿಂತಾಮಣಿ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಜಾಲಿ ತುಮ್ಮ ಆಗುತ್ತೆ, ಹೊಂಗೆ ಕಾನುಗ ಆಗುತ್ತೆ, ಮುತ್ತುಗ ಮೋದುಗ ಆಗುತ್ತೆ, ಹುಣಸೆ ಚಿಂತ ಆಗುತ್ತೆ. ಇವನ್ನೆಲ್ಲ ಸಮಾನಪದದ ಕಾಲಂನಲ್ಲಿ ಬರೆದಿಡಿ. ಮಾಹಿತಿ ಕೊಟ್ಟವರ ಬಾಯಲ್ಲಿ ಬಂದ ಹೆಸರನ್ನು ಅಳಿಸಬಾರದು.

ಶಾಸ್ತ್ರೀಯ ಹೆಸರೂ ಬದಲಾಗುತ್ತೆ. ಅಕೇಸಿಯ ಅನ್ನುವ ಹೆಸರು ಆಸ್ಟ್ರೇಲಿಯದ ಗಿಡಗಳಿಗೆ ಉಳಿಯಲಿ ಅಂತ 2005ರ ವಿಯೆನ್ನಾ ಸಮ್ಮೇಳನದಲ್ಲಿ ತೀರ್ಮಾನವಾಗಿ, 2011ರಲ್ಲಿ ಮೆಲ್ಬರ್ನ್‌ನಲ್ಲಿ ಗಟ್ಟಿಯಾಯಿತು. ನಮ್ಮ ಕರಿಜಾಲಿ ಈಗ ವಚೆಲಿಯ. ಬಳ್ಳಾರಿ ಜಾಲಿ ಪ್ರೊಸೋಪಿಸ್ ಆಗಿದ್ದು, 2022ರ ನಂತರ ನೆಲ್ತುಮ ಅಂತಲೂ ಬರುತ್ತಿದೆ. ಹೊಂಗೆಗೆ ಪೊಂಗಾಮಿಯ, ಮಿಲೆಟಿಯ, ಡೆರಿಸ್ ಮೂರೂ ಹೆಸರು ಪುಸ್ತಕಗಳಲ್ಲಿವೆ. ನೀವು ಗುರುತು ಹಿಡಿದಾಗ ಬಳಸಿದ ಹೆಸರು ಒಂದು ಕಾಲಂ, ಈಗ ಒಪ್ಪಿರುವ ಹೆಸರು ಇನ್ನೊಂದು ಕಾಲಂ, ಯಾವ ತಾರೀಖು ನೋಡಿದಿರಿ ಅನ್ನುವುದು ಮೂರನೆಯದು.

ಖಾಲಿ ಜಾಗ, ಹಳೆಯ ಅಂಕಿ

ಇದು ಚಿಕ್ಕ ವಿಷಯ, ಆದರೆ ಮರೆಯಬೇಡಿ. ಮುಳ್ಳಿಲ್ಲ ಅನ್ನುವುದು ಸೊನ್ನೆ. ನೋಡಲಿಲ್ಲ ಅನ್ನುವುದು ಖಾಲಿ. ಈ ಗಿಡಕ್ಕೆ ಆ ಪ್ರಶ್ನೆಯೇ ಸಲ್ಲದು ಅನ್ನುವುದು ಇನ್ನೊಂದು, ಎಲೆಯೇ ಇಲ್ಲದ ಕಳ್ಳಿಗೆ ಎಲೆಯ ವಿಸ್ತೀರ್ಣ ಕೇಳಿದ ಹಾಗೆ. ಮೂರಕ್ಕೂ ಮೂರು ಗುರುತು ಇರಲಿ. ಮತ್ತೆ ಹಳೆಯ ಶೀಟನ್ನು ತಿದ್ದಿ ಉಳಿಸಬೇಡಿ. ಮೂಲ ಹಾಗೇ ಇರಲಿ, ಹೊಸ ಪದಪಟ್ಟಿಗೆ ಹೊಂದಿಸಿದ್ದು ಬೇರೆ ಫೈಲಿನಲ್ಲಿರಲಿ. ಹೇಗೆ ಅಳೆದರು ಅಂತ ಯಾರಿಗೂ ನೆನಪಿಲ್ಲದ ಅಂಕಿಯನ್ನು ಊಹೆ ಮಾಡಿ ಯಾವುದೋ ಕಾಲಂಗೆ ಸೇರಿಸುವ ಬದಲು 'ತಿಳಿಯದು' ಅಂತ ಬರೆಯಿರಿ. ಟ್ರೈನಂಥ ಕಡೆಯೇ ಹಾಗೆ ಮಾಡುವಾಗ ನಮಗೇನು ಸಂಕೋಚ?

ಕೊನೆಗೆ ಒಂದು ಕೊಂಬೆ, ಮೂವರು

ಚೀಟಿಗಳೆಲ್ಲ ಮುಗಿದ ಮೇಲೆ ಒಂದು ಕೊಂಬೆ ಕಡಿದು ತನ್ನಿ, ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದರೆ ಬಾಡುವುದಿಲ್ಲ. ಮೂವರಿಗೆ ಚೀಟಿ ಕೊಟ್ಟು, ಒಬ್ಬರನ್ನೊಬ್ಬರು ಮಾತಾಡಿಸದೆ ಅದೇ ಕೊಂಬೆಯನ್ನು ಅಳೆಯಲು ಹೇಳಿ. ಅವರಲ್ಲಿ ಒಬ್ಬರಾದರೂ ಚೀಟಿ ಬರೆಯುವಾಗ ಇಲ್ಲದವರಾಗಿರಬೇಕು. ಮೂವರ ಅಂಕಿ ಹತ್ತಿರ ಹತ್ತಿರ ಬಂದರೆ ಆ ಚೀಟಿ ಪಾಸು. ಬರದಿದ್ದರೆ ಅಳೆದವರನ್ನು ಬೈಯಬೇಡಿ, ಚೀಟಿಯ ಯಾವ ಪದ ಅವರಿಗೆ ಬೇರೆ ಅರ್ಥ ಕೊಟ್ಟಿತು ಅಂತ ಕೇಳಿ ಅದನ್ನು ತಿದ್ದಿ, ತಿದ್ದುಪಡಿಯ ಸಂಖ್ಯೆ ಒಂದು ಹೆಚ್ಚಿಸಿ. ನಮ್ಮ 'ಎಲೆ' ಚೀಟಿ ನಾಲ್ಕನೆಯ ಸಲಕ್ಕೆ ಪಾಸಾಯಿತು. ಮೊದಲ ಮೂರರಲ್ಲಿ ಕಂಕುಳ ಮೊಗ್ಗಿನ ವಿಷಯ ಬರೆದಿದ್ದೆವು, ಆದರೆ ಚಿತ್ರ ಹಾಕಿರಲಿಲ್ಲ.

ಈಗ ಆ ಚೀಟಿಯ ಹಿಂದೆ ಹೊಂಗೆ ಎಲೆಯ ರೇಖಾಚಿತ್ರ ಇದೆ, ಮೊಗ್ಗಿಗೆ ಕೆಂಪು ಬಾಣ ಹಾಕಿದೆ. ಲ್ಯಾಮಿನೇಟ್ ಮಾಡಿಸಿ, ಮೂಲೆಗೆ ತೂತು ಹೊಡೆದು, ಗಿಡ ಒತ್ತುವ ಹಲಗೆಯ ಹಗ್ಗಕ್ಕೇ ಕಟ್ಟಿದ್ದೇವೆ. ಕೋಲಾರದ ತಂಡಕ್ಕೂ ಅಂಥದ್ದೇ ಒಂದು ಕಳಿಸಿದ್ದೇವೆ, ಅವರು ಅದರ ಮೇಲೆ ಕಾನುಗ ಅಂತಲೂ ಬರೆದುಕೊಂಡಿದ್ದಾರೆ.